ಚೀನೀಯರ ಕುಲನಾಮಗಳೂ ಅಂಕಿತನಾಮಗಳೂ

ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನೂ ಆತನ ಪ್ರಜೆಗಳ ಸ್ವಭಾವವನ್ನೂ ವರ್ಣಿಸಿದ ಚೀನೀ ಯಾತ್ರಿಕನ ಹೆಸರು ಕನ್ನಡನಾಡಿನ ಚರಿತ್ರೆಯನ್ನು ಬಲ್ಲವರೆಲ್ಲರಿಗೂ ಪರಿಚಿತವಾದುದು. ಹ್ಯೂಯೆನ್ ತ್ಸಾಂಗನೆಂದೂ ಯುವಾನ್ ಚ್ವಾಂಗನೆಂದೂ ಗ್ರಂಥಗಳಲ್ಲಿ ಕಾಣಬರುವ ಈ ಹೆಸರು ಆತನ ತಾಯಿತಂದೆಗಳು ಇಟ್ಟುದಲ್ಲ, ಸಂನ್ಯಾಸದಲ್ಲಿ ಬಂದುದು. ಪೂರ್ವಾಶ್ರಮದಲ್ಲಿ ಆತನು ಚೆನ್ ಎಂಬ ಮನೆತನಕ್ಕೆ ಸೇರಿದವನು. ಮನೆಯನ್ನು ಬಿಟ್ಟವನು ಮನೆತನದ ಹೆಸರನ್ನೂ ಬಿಡಬೇಕೆಂಬುದು ಆ ದೇಶದ ಬೌದ್ಧ ಸಂಘದ ನಿಯಮ. ಆದರೆ ಬಿಟ್ಟ ಹೆಸರಿನ ಸ್ಥಾನವು ಬರಿದಾಗಿ ಉಳಿಯಲಿಲ್ಲ. ದಾವೊ-ಆನ್ (ಕ್ರಿ. ಶ. ೩೧೨–೩೮೫) ಎಂಬ ಸ್ಥವಿರನು, ಭಿಕ್ಷುಗಳೆಲ್ಲರೂ ಶಾಕ್ಯಮುನಿಯ ಸಂತಾನದವರಾದುದರಿಂದ ‘ಶಾಕ್ಯ’ ಶಬ್ದದ ಮೊದಲ ಅಕ್ಷರದಿಂದಾದ ‘ಶಿ’ ಎಂಬುದೊಂದೇ ಅವರೆಲ್ಲರ ಕುಲನಾಮವಾಗತಕ್ಕದ್ದೆಂದು ವಿಧಿಸಿದನು. ಸರ್ವಸಂಗಪರಿತ್ಯಾಗಿಗೂ ಕುಲನಾಮವೊಂದು ಬೇಕಾಯಿತೆಂಬ ಈ ಸಂಗತಿಯಿಂದಲೇ ಚೀನೀಯರ ಬಾಳಿನಲ್ಲಿ ಅದಕ್ಕಿರುವ ಸ್ಥಾನವನ್ನು ಊಹಿಸಬಹುದು.

ಚೀನೀಯರಲ್ಲಿ ಕುಲನಾಮವು ಮೊದಲು, ಅಂಕಿತನಾಮವು ಅನಂತರ. ಧಾರವಾಡದ ಕಡೆಯ ಅಡ್ಡಹೆಸರಿನಂತೆ ಅದು ಕೊನೆಯಲ್ಲಿ ನಿಲ್ಲುವುದಿಲ್ಲ. ಮೈಸೂರಿನ ಕಡೆಯ ಊರು ಮತ್ತು ತಂದೆಯ ಹೆಸರುಗಳಂತೆ ಮೊದಲಕ್ಷರವಾಗಿ ಸಂಕುಚಿತವಾಗುವುದೂ ಇಲ್ಲ. ಸನ್ ಯಾಟ್ ಸೆನ್ ಎಂಬಲ್ಲಿ ‘ಸನ್’ ಎಂಬುದೇ ಮನೆತನ. ಕುಲನಾಮವು ಸಾಮಾನ್ಯವಾಗಿ ಒಂದೇ ಲಿಪ್ಯಕ್ಷರದ್ದು, ಅಪೂರ್ವವಾಗಿ ಎರಡಕ್ಷರದ್ದು; ಅಂಕಿತನಾಮವು ಒಂದು ಇಲ್ಲವೆ ಎರಡು ಅಕ್ಷರದ್ದು. ಯೂರೋಪಿನ ದೇಶಗಳಲ್ಲಿ ಮನೆತನದ ಹೆಸರುಗಳು ಅಸಂಖ್ಯವಾಗಿದ್ದು ವ್ಯಕ್ತಿನಾಮಗಳು ಪರಿಮಿತವಾಗಿರುವುವು. ಚೀನದಲ್ಲಿ ಇದಕ್ಕೆ ವಿಪರ್ಯಾಸ. ಅಲ್ಲಿಯ ಸರಕಾರವು ೨೦೨೦ನೆಯ ವರ್ಷಕ್ಕೆ ಸಂಬಂಧಿಸಿದಂತೆ ಪ್ರಕಟಿಸಿದ ಲೆಕ್ಕದ ಪ್ರಕಾರ ವಾಂಗ್, ಲಿ, ಝಾಂಗ್, ಲಿಯು, ಚೆನ್ ಎಂಬ ಐದೇ ಕುಲನಾಮಗಳವರು ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ೩೦ ಮಂದಿ ಇದ್ದರು.

ಕುಲನಾಮಕ್ಕೆ ಚೀನೀ ಭಾಷೆಯಲ್ಲಿ ‘ಶಿಂಗ್’ ಎಂದು ಹೆಸರು. ಈ ಶಬ್ದವನ್ನು ಬರೆಯುವ ಅಕ್ಷರವು ಎರಡು ಅಂಗಗಳಿಂದ ಕೂಡಿರುವುದು: ಒಂದು ‘ಸ್ತ್ರೀ’, ಇನ್ನೊಂದು ‘ಜನನ’. ಅತ್ಯಂತ ಪ್ರಾಚೀನವಾದ ಜಿ, ಜಿಯಾಂಗ್, ಯಿಂಗ್, ಯಾವೊ ಮೊದಲಾದ ಕುಲನಾಮಗಳ ಅಕ್ಷರಗಳಲ್ಲಿಯೂ ಈ ಸ್ತ್ರೀಚಿಹ್ನೆಯಿದೆ. ಇದರಿಂದ ಆದಿಕಾಲದ ಚೀನದಲ್ಲಿ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಿದ್ದರೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿರುವರು. ಅಕ್ಷರದ ರೂಪವೊಂದರಿಂದಲೇ ಇಷ್ಟು ದೊಡ್ಡ ಸಿದ್ಧಾಂತವನ್ನು ಸ್ಥಾಪಿಸುವುದು ಕಷ್ಟ. ಆದರೆ ಪ್ರಾಚೀನಕಾಲದ ಶಿಂಗ್ ಎಂಬುದು ಸ್ತ್ರೀಯರ ಹೆಸರಿನಲ್ಲಿ ವಿಶೇಷವಾಗಿ ಬಳಕೆಯಲ್ಲಿದ್ದಿತೆಂಬುದು ನಿಶ್ಚಯ. ಅದಕ್ಕೆ ಕಾರಣ ವಿವಾಹ. ಸಗೋತ್ರ ವಿವಾಹವು ಇಲ್ಲಿ ನಿಷಿದ್ಧವಾಗಿರುವಂತೆ ಒಂದೇ ಶಿಂಗ್‌ನವರ ವಿವಾಹವು ಅಲ್ಲಿ ನಿಷಿದ್ಧವಾಗಿದ್ದಿತು. ಕನ್ಯೆಯ ಕುಲ ಯಾವುದೆಂಬುದು ಆಕೆಯ ಹೆಸರಿನಿಂದಲೇ ತಿಳಿಯಬೇಕಾಗಿದ್ದಿತು.

ಗಂಡಸರಾದರೋ ‘ಶ್ಶಿ’ ಎಂಬ ಬೇರೊಂದು ನಾಮವನ್ನು ಧರಿಸುತ್ತಿದ್ದರು. ಶಿಂಗ್ ಎಂಬುದು ಮೂಲ ಕುಲ. ಶ್ಶಿ ಎಂಬುದು ಆ ಕುಲದ ಕವಲು. ಶಿಂಗ್ ರಕ್ತಸಂಬಂಧವನ್ನು ಸೂಚಿಸಿದರೆ ಶ್ಶಿ ಪದವಿಯನ್ನು ಸೂಚಿಸುತ್ತಿದ್ದಿತು. ಭೂಮಿಯನ್ನೋ ಅಧಿಕಾರವನ್ನೋ ಪಡೆದ ಸಾಮಂತರಿಗೆ ಮಾತ್ರ ಅದು ಸಲ್ಲುತ್ತಿದ್ದುದರಿಂದ ಸಾಮಾನ್ಯ ಬೇಸಾಯಗಾರನಿಗೆ ಬರಿಯ ಅಂಕಿತನಾಮವೇ ಗತಿಯಾಗಿದ್ದಿತು. ನಿಯಮವನ್ನು ಮೀರಿದ ಅರಸರೂ ಇದ್ದರು. ಲು ದೇಶದ ಝಾವೊ ಪ್ರಭುವು ತನ್ನಂತೆಯೇ ಜಿ ಕುಲಕ್ಕೆ ಸೇರಿದ ವೂ ದೇಶದ ರಾಜಪುತ್ರಿಯನ್ನು ವರಿಸಿದನು. ಆಕೆಯನ್ನು ವಾಡಿಕೆಯಂತೆ ‘ವೂ ಜಿ’ ಎಂದು ಕರೆದರೆ ದೋಷವು ಬಯಲಾಗುತ್ತಿದ್ದಿತು. ಆದುದರಿಂದ ಕುಲದ ಹೆಸರನ್ನು ಮರೆಸಿ ‘ವೂ ದೇಶದ ಹಿರಿಯಳು’ ಎಂಬರ್ಥದ ಹೆಸರಿನಿಂದ ಕರೆದರು. ಈ ವಿಚಾರವು ಕನ್ಫ್ಯೂಷಿಯಸನ ಸಂವಾದಗಳ ಗ್ರಂಥದಲ್ಲಿಯೇ ಚರ್ಚೆಗೆ ಬಂದಿದೆ. ಮುಂದೆ ತಾಂಗ್ ವಂಶದವರ ಶಾಸನಗ್ರಂಥವು ಒಂದೇ ಕುಲನಾಮದವರು ವಿವಾಹವಾದರೆ ಎರಡು ವರ್ಷಗಳ ಕಠಿನ ಶಿಕ್ಷೆಯನ್ನು ವಿಧಿಸಿತು.

ಇಂದಿನ ಚೀನೀ ಕುಲನಾಮಗಳಲ್ಲಿ ಬಹುಭಾಗವು ಈ ಶ್ಶಿಗಳಿಂದಲೇ ಹುಟ್ಟಿದವು. ಅವುಗಳ ಮೂಲವನ್ನು ಕೆಲವು ವರ್ಗಗಳಾಗಿ ವಿಂಗಡಿಸಬಹುದು. ಸಾಮಂತ ರಾಜ್ಯಗಳ ಹೆಸರಿನಿಂದಾದವು ಒಂದು ವರ್ಗ: ಝಾವೊ, ವೇಯ್, ಹಾನ್, ಸುಂಗ್, ವೂ, ಚೆನ್, ತ್ಸಾಯ್ ಮುಂತಾದುವೆಲ್ಲ ಒಂದೊಂದು ಕಾಲಕ್ಕೆ ರಾಜ್ಯಗಳಾಗಿದ್ದುವು. ರಾಜ್ಯವು ನಾಶವಾದಾಗ ಅಲ್ಲಿಯವರು ಕಳೆದುಹೋದ ನಾಡನ್ನು ತಮ್ಮ ಹೆಸರಿನಲ್ಲಿ ಉಳಿಸಿಕೊಂಡರು. ಅಧಿಕಾರದ ಹೆಸರಿನಿಂದಾದವು ಎರಡನೆಯ ವರ್ಗ: ‘ಸಿಮಾ’ ಎಂದರೆ ಕುದುರೆಗಳ ಅಧ್ಯಕ್ಷ, ಎಂದರೆ ಸೇನಾಮಾತ್ಯ, ‘ಶ್ರ’ ಎಂದರೆ ದಾಖಲೆಗಳನ್ನು ಬರೆದಿಡುವ ಕರಣಿಕ. ವೃತ್ತಿಯಿಂದಾದವು ಮೂರನೆಯ ವರ್ಗ: ‘ತಾವೊ’ ಕುಂಬಾರ, ‘ವು’ ಮಂತ್ರವಾದಿ, ‘ಬು’ ಕಣಿ ಹೇಳುವವನು. ವಾಸಸ್ಥಳದಿಂದಾದವು ನಾಲ್ಕನೆಯವು: ‘ಶೀಮೆನ್’ ಎಂದರೆ ಪಡುವಣ ಬಾಗಿಲು, ‘ದುಂಗ್‌ಗ್ವೊ’ ಎಂದರೆ ಮೂಡಣ ಹೊರಕೋಟೆ. ಪೂರ್ವಜರ ಹೆಸರಿನಿಂದಲೂ ಮರಣೋತ್ತರ ಬಿರುದುಗಳಿಂದಲೂ ಹುಟ್ಟಿದವು ಇನ್ನೂ ಅನೇಕ.

ಕನ್ಫ್ಯೂಷಿಯಸನ ಮನೆತನವೇ ಇದಕ್ಕೆ ಒಳ್ಳೆಯ ನಿದರ್ಶನ. ಆತನ ಕುಲನಾಮ ಕುಂಗ್. ಸುಂಗ್ ರಾಜ್ಯದಲ್ಲಿ ಕುಂಗ್‌ಫು ಜಿಯಾ ಎಂಬ ಅಧಿಕಾರಿಯು ಕ್ರಿ. ಪೂ. ೭೧೦ರಲ್ಲಿ ಪ್ರತಿಸ್ಪರ್ಧಿಯಿಂದ ಹತನಾದನು. ಆತನ ಸಂತತಿಯವರು ಲು ದೇಶಕ್ಕೆ ವಲಸೆ ಬಂದು ಪೂರ್ವಜನ ಹೆಸರಿನ ಮೊದಲ ಅಕ್ಷರವನ್ನೇ ಕುಲನಾಮವಾಗಿ ಇಟ್ಟುಕೊಂಡರು. ತತ್ತ್ವಜ್ಞಾನಿಯ (ಕ್ರಿ. ಪೂ. ೫೫೧–೪೭೯) ಅಂಕಿತನಾಮ ‘ಚಿಯು’, ಎಂದರೆ ದಿಣ್ಣೆ, ಪ್ರೌಢನಾಮ ‘ಝುಂಗ್‌ನಿ’. ಅದರಲ್ಲಿ ‘ಝುಂಗ್’ ಎಂದರೆ ಎರಡನೆಯ ಮಗ. ‘ನಿ’ ಎಂಬುದು ತಾಯಿತಂದೆಗಳು ಪುತ್ರಾರ್ಥವಾಗಿ ಪ್ರಾರ್ಥಿಸಿದರೆಂದು ಹೇಳುವ ಬೆಟ್ಟದ ಹೆಸರು. ಆತನ ಮಗನು ಹುಟ್ಟಿದಾಗ ಲು ದೇಶದ ಪ್ರಭುವು ಮೀನೊಂದನ್ನು ಕಾಣಿಕೆಯಾಗಿ ಕಳುಹಿಸಿದನೆಂದೂ ಆ ಗೌರವದ ಸ್ಮರಣೆಗಾಗಿ ಮಗುವಿಗೆ ಆ ಜಾತಿಯ ಮೀನಿನ ಹೆಸರನ್ನೇ ಇಟ್ಟರೆಂದೂ ಐತಿಹ್ಯವುಂಟು.

ಕ್ರಿ. ಪೂ. ೨೨೧ರಲ್ಲಿ ಚಿನ್ ರಾಜನು ಆರು ರಾಜ್ಯಗಳನ್ನು ಗೆದ್ದು ಪ್ರಥಮ ಚಕ್ರವರ್ತಿಯಾದನು. ಆತನ ಶಿಂಗ್ ಯಿಂಗ್, ಶ್ಶಿ ಝಾವೊ, ಅಂಕಿತನಾಮ ಝೆಂಗ್. ಸಾಮಂತಪದ್ಧತಿಯು ಅಳಿದ ಮೇಲೆ ಪದವಿಯನ್ನು ಸೂಚಿಸುವ ಹೆಸರಿಗೂ ರಕ್ತವನ್ನು ಸೂಚಿಸುವ ಹೆಸರಿಗೂ ಭೇದವಿಟ್ಟು ಪ್ರಯೋಜನವಿಲ್ಲವಾಯಿತು. ಹಾನ್ ವಂಶದ ಕಾಲದಲ್ಲಿ ಚರಿತ್ರಕಾರ ಸಿಮಾ ಚಿಯೆನ್ನನು ಎರಡು ಶಬ್ದಗಳನ್ನೂ ಒಂದೇ ಎಂಬಂತೆ ಪ್ರಯೋಗಿಸಿರುವನು. ಅಷ್ಟರಲ್ಲಿ ರಾಜ್ಯವು ತೆರಿಗೆಗಾಗಿಯೂ ಸೈನ್ಯಕ್ಕಾಗಿಯೂ ಮನೆಮನೆಯ ಲೆಕ್ಕವನ್ನು ಬರೆಯಿಸತೊಡಗಿದ್ದಿತು. ಹಿಂದೆ ಪ್ರಭುಗಳ ಸೊತ್ತಾಗಿದ್ದ ಕುಲನಾಮವು ಹೀಗೆ ಕುಂಬಾರನಿಗೂ ಒಕ್ಕಲಿಗನಿಗೂ ದೊರಕಿತು. ಆದರೆ ಅದರೊಡನೆಯೇ ಆತನು ಅರಸನ ಪುಸ್ತಕದಲ್ಲಿ ಸೇರಿದನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅಕ್ಷರದ ಅರ್ಥವೇ ಕುಲನಾಮದ ಮೂಲವೆಂದು ಭಾವಿಸಬಾರದು. ‘ಹ್ವಾಂಗ್’ ಎಂದರೆ ಹಳದಿ. ಆದರೆ ಆ ಮನೆತನದವರಿಗೂ ಬಣ್ಣಕ್ಕೂ ಸಂಬಂಧವಿಲ್ಲ, ಕ್ರಿ. ಪೂ. ೬೪೮ರಲ್ಲಿ ಚೂ ರಾಜ್ಯಕ್ಕೆ ಸಿಕ್ಕಿ ಅಳಿದ ಹ್ವಾಂಗ್ ಎಂಬ ಚಿಕ್ಕ ರಾಜ್ಯದಿಂದ ಅದು ಬಂದುದು. ‘ವಾಂಗ್’ ಎಂದರೆ ರಾಜ. ಬೇರೆ ಬೇರೆ ಕಾಲಗಳಲ್ಲಿ ಪದಭ್ರಷ್ಟರಾದ ಬೇರೆ ಬೇರೆ ರಾಜವಂಶಗಳ ಸಂತತಿಯವರು ಈ ಒಂದೇ ಹೆಸರನ್ನು ತಾಳಿದುದರಿಂದ ವಾಂಗ್‌ಗಳೆಲ್ಲರೂ ಒಂದೇ ಕುಲದವರಲ್ಲ. ‘ಲಿ’ ಎಂದರೆ ಪ್ಲಮ್ ಎಂಬ ಹಣ್ಣಿನ ಗಿಡ. ರಾಜಕೋಪದಿಂದ ತಪ್ಪಿಸಿಕೊಂಡು ಓಡಿದ ಪೂರ್ವಜನೊಬ್ಬನು ಕಾಡಿನಲ್ಲಿ ಈ ಹಣ್ಣನ್ನು ತಿಂದು ಜೀವ ಉಳಿಸಿಕೊಂಡನೆಂದು ಆ ಮನೆತನದವರು ಕಥೆ ಹೇಳುವರು. ‘ಝಾಂಗ್’ ಎಂಬ ಅಕ್ಷರದಲ್ಲಿ ಬಿಲ್ಲಿನ ಚಿಹ್ನೆಯಿರುವುದರಿಂದ ಬಿಲ್ಲನ್ನು ಮೊದಲು ನಿರ್ಮಿಸಿದವನೇ ತಮ್ಮ ಮೂಲಪುರುಷನೆಂಬುದು ಝಾಂಗ್‌ಗಳ ಐತಿಹ್ಯ. ಇವುಗಳಲ್ಲಿ ಚರಿತ್ರೆಗಿಂತ ಅಭಿಮಾನದ ಅಂಶವೇ ಹೆಚ್ಚೆಂದು ತಿಳಿಯಬೇಕು.

ಕುಲನಾಮಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದಕ್ಕೆಂದೇ ‘ನೂರು ಮನೆತನಗಳ ಹೆಸರು’ ಎಂಬ ಪ್ರಾಸಬದ್ಧವಾದ ಬಾಲಬೋಧೆಯೊಂದು ಸುಂಗ್ ವಂಶದ ಆದಿಭಾಗದಲ್ಲಿ ಹುಟ್ಟಿತು. ಹೆಸರು ನೂರು ಎಂದಿದ್ದರೂ ಅದರ ರೂಢಿಯ ಪಾಠದಲ್ಲಿ ೫೦೪ ಕುಲನಾಮಗಳಿವೆ. ಅವುಗಳಲ್ಲಿ ೬೦ ಎರಡಕ್ಷರದವು. ಮೊದಲನೆಯದು ಝಾವೊ, ಅದು ಸುಂಗ್ ಚಕ್ರವರ್ತಿಗಳ ಮನೆತನ. ಎರಡನೆಯದು ಚಿಯೆನ್, ಅದು ವೂ-ಯುವೆ ಎಂಬ ಪ್ರಾಂತದ ಅರಸರದು. ಹೀಗೆ ಮಗುವು ಕಲಿಯುವ ಮೊದಲನೆಯ ಸಾಲಿನಲ್ಲಿಯೇ ಯಾರು ಆಳುವವರೆಂಬುದು ತಿಳಿಯುತ್ತಿದ್ದಿತು.

ಅರಸನು ಕುಲನಾಮವನ್ನು ಕೊಡಲೂ ಬಲ್ಲವನಾಗಿದ್ದನು, ಕೆಡಿಸಲೂ ಬಲ್ಲವನಾಗಿದ್ದನು. ತಾಂಗ್ ವಂಶದ ಚಕ್ರವರ್ತಿಗಳು ತಮ್ಮ ಲಿ ಎಂಬ ಕುಲನಾಮವನ್ನು ನಿಷ್ಠರಾದ ಸೇನಾನಿಗಳಿಗೆ ಬಿರುದಿನಂತೆ ದಯಪಾಲಿಸಿದರು. ಶೂ ಶಿಜಿ ಎಂಬವನು ಹೀಗೆಯೇ ಲಿ ಮನೆತನದವನಾದನು. ಇದೇ ವಂಶದ ಕಾಲದಲ್ಲಿ, ೬೫೫ರಲ್ಲಿ, ಅಂತಃಪುರದ ಸ್ಪರ್ಧೆಯಲ್ಲಿ ಗೆದ್ದು ಪಟ್ಟದ ರಾಣಿಯಾದ ವು ಝತಿಯೆನ್ ತನ್ನಿಂದ ಹತರಾದ ಇಬ್ಬರು ಸವತಿಯರ ಬಂಧುಗಳ ಕುಲನಾಮಗಳನ್ನೂ ಬದಲಾಯಿಸಿದಳು. ವಾಂಗ್ ಮನೆತನದವರಿಗೆ ‘ಹೆಬ್ಬಾವು’ ಎಂಬ ಹೆಸರಾಯಿತು. ಶಿಯಾವೊ ಮನೆತನದವರಿಗೆ ಅದೇ ಧ್ವನಿಯುಳ್ಳ, ಆದರೆ ‘ಗೂಬೆ’ ಎಂಬರ್ಥದ ಅಕ್ಷರವು ಬಂದಿತು. ವು ಝತಿಯೆನ್‌ಳು ಅಧಿಕಾರದಿಂದಿಳಿದ ೭೦೫ರ ತರುವಾಯವೇ ಅವರಿಗೆ ಹಿಂದಿನ ಹೆಸರು ಮರಳಿ ದೊರೆತುದು. ಐವತ್ತು ವರ್ಷಗಳ ಕಾಲ ಹುಟ್ಟಿದ ಶಿಶುಗಳೆಲ್ಲ ತಾವು ಮಾಡದ ತಪ್ಪಿಗಾಗಿ ಈ ದಂಡವನ್ನು ಹೊತ್ತವು.

ಹೊರಗಿನಿಂದ ಬಂದವರಿಗೆ ಕುಲನಾಮವೇ ಒಳಗೆ ಪ್ರವೇಶಿಸುವ ಬಾಗಿಲಾಗಿದ್ದಿತು. ಉತ್ತರ ಚೀನವನ್ನಾಳಿದ ಶಿಯೆನ್‌ಬೇಯ್ ಜನರ ದೊರೆ ಶಿಯಾವೊವೆನ್ನನು ೪೯೬ರಲ್ಲಿ ತನ್ನ ಜನರ ದೀರ್ಘವಾದ ಹೆಸರುಗಳನ್ನೆಲ್ಲ ಚೀನೀ ಕುಲನಾಮಗಳಾಗಿ ಪರಿವರ್ತಿಸಲು ಆಜ್ಞಾಪಿಸಿ, ತನ್ನ ತೊಬಾ ವಂಶಕ್ಕೆ ‘ಮೂಲ’ ಎಂಬರ್ಥದ ‘ಯುವಾನ್’ ಎಂಬ ಹೆಸರನ್ನಿಟ್ಟನು. ಮಧ್ಯ ಏಷ್ಯದಿಂದ ಬಂದ ಸೊಗ್ದಿಯಾದ ವರ್ತಕರಲ್ಲಿ ಸಮರಕಂದದವರು ಕಾಂಗ್‌ಗಳಾದರು, ಬುಖಾರದವರು ಆನ್‌ಗಳಾದರು. ಭಾರತದಿಂದ ಹೋದ ಗೌತಮ ಗೋತ್ರದ ಜ್ಯೋತಿಷಿಗಳ ಮನೆತನವೊಂದು ಗೋತ್ರನಾಮವನ್ನೇ ‘ಚೂತಾನ್’ ಎಂಬ ಕುಲನಾಮವನ್ನಾಗಿ ಮಾಡಿಕೊಂಡು ತಾಂಗ್ ಆಸ್ಥಾನದಲ್ಲಿ ಹಲವು ತಲೆಮಾರು ಸೇವೆ ಸಲ್ಲಿಸಿತು. ಆ ಮನೆತನದ ಗೌತಮ ಸಿದ್ಧನು ೭೧೮ರಲ್ಲಿ ನವಗ್ರಹಗಣಿತವನ್ನು ಚೀನೀ ಭಾಷೆಗೆ ತಂದನು. ‘ಮಾ’ ಎಂದರೆ ಕುದುರೆ. ಮಹಮ್ಮದ ಎಂಬ ಹೆಸರಿನ ಮೊದಲ ಧ್ವನಿಗೆ ಸಮೀಪವಾದ ಈ ಕುಲನಾಮವು ಮುಸಲ್ಮಾನರಲ್ಲಿ ಬಹಳವಾಗಿ ಹರಡಿತು. ಮಲಬಾರಿನ ಕಲ್ಲಿಕೋಟೆಯವರೆಗೂ ಹಡಗುಗಳ ಸಮೂಹವನ್ನು ನಡೆಯಿಸಿದ ಝೆಂಗ್ ಹೆ (೧೩೭೧–೧೪೩೩) ಹುಟ್ಟಿನಿಂದ ಮಾ ಮನೆತನದವನು. ಝೆಂಗ್ ಎಂಬುದು ಚಕ್ರವರ್ತಿಯಿತ್ತ ಹೆಸರು. ೧೯೧೨ರಲ್ಲಿ ಮಂಚೂ ಪ್ರಭುತ್ವವು ಕೊನೆಗಂಡ ಮೇಲೆ ಆಯ್ಸಿನ್ ಗ್ಯೋರೊ ಎಂಬ ರಾಜಕುಲದ ಅನೇಕರು ‘ಜಿನ್’ ಎಂಬ ಸಾಮಾನ್ಯ ಕುಲನಾಮದಲ್ಲಿ ಮರೆಯಾದರು. ಮಂಚೂ ಭಾಷೆಯ ‘ಆಯ್ಸಿನ್’ ಶಬ್ದಕ್ಕೂ ಚೀನೀ ‘ಜಿನ್’ ಶಬ್ದಕ್ಕೂ ಅರ್ಥ ಒಂದೇ, ಬಂಗಾರ.

ಇನ್ನು ಅಂಕಿತನಾಮದ ವಿಚಾರ. ಹಿಂದಿನ ಕಾಲದ ಸುಶಿಕ್ಷಿತ ಚೀನೀಯನಿಗೆ ಒಂದೇ ಹೆಸರಿದ್ದಿಲ್ಲ. ಕೂಸಿಗೆ ಮನೆಯಲ್ಲಿ ಕರೆಯುವ ಹಾಲುಹೆಸರು. ಅನಂತರ ‘ಮಿಂಗ್’ ಎಂಬ ಅಂಕಿತನಾಮ. ಇಪ್ಪತ್ತನೆಯ ವಯಸ್ಸಿನಲ್ಲಿ ಶಿರೋವೇಷ್ಟನವನ್ನು ಧರಿಸಿದಾಗ ‘ತ್ಸು’ ಎಂಬ ಪ್ರೌಢನಾಮ. ತಾನೇ ಇಟ್ಟುಕೊಂಡ ‘ಹಾವೊ’ ಎಂಬ ಕಾವ್ಯನಾಮ. ದೃಷ್ಟಿ ತಾಗದಿರಲೆಂದೂ ದುಷ್ಟಶಕ್ತಿಗಳು ಕಣ್ಣೆತ್ತಿ ನೋಡದಿರಲೆಂದೂ ಹಾಲುಹೆಸರನ್ನು ಬೇಕೆಂದೇ ಹೀನವಾಗಿಡುವುದುಂಟು. ಹಾನ್ ಕಾಲದ ಮಹಾಕವಿ ಸಿಮಾ ಶಿಯಾಂಗ್‌ರುವನ್ನು ತಾಯಿತಂದೆಗಳು ‘ನಾಯಿಮರಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ತಿಪ್ಪಣ್ಣನೆಂದೂ ಗುಂಡಪ್ಪನೆಂದೂ ಹೆಸರಿಡುವ ಕನ್ನಡಿಗರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ.

ಮಿಂಗ್ ಮತ್ತು ತ್ಸು ಎಂಬ ಹೆಸರುಗಳಿಗೆ ಪರಸ್ಪರ ಅರ್ಥಸಂಬಂಧವಿರಬೇಕೆಂಬುದು ಸಂಪ್ರದಾಯ. ಸುಂಗ್ ಕಾಲದ ವಿದ್ವಾಂಸ ಸು ಶುನ್ನನು ತನ್ನ ಇಬ್ಬರು ಮಕ್ಕಳಿಗೆ ರಥದ ಅಂಗಗಳಿಂದ ಹೆಸರಿಟ್ಟು, ಅದರ ಕಾರಣವನ್ನು ಕಿರಿದಾದೊಂದು ಲೇಖನದಲ್ಲಿ ಬರೆದಿಟ್ಟನು. ಹಿರಿಯವನ ಹೆಸರು ‘ಶಿ’, ಎಂದರೆ ರಥದ ಮುಂದಣ ಅಡ್ಡದಂಡ. ಅದಕ್ಕೆ ಕೆಲಸವೇ ಇಲ್ಲದಂತೆ ತೋರಿದರೂ ಅದಿಲ್ಲದೆ ರಥವು ಪೂರ್ಣವಾಗದು. ಆದರೆ ಈ ಮಗನು ತನ್ನನ್ನು ಮರೆಮಾಚಲು ಅರಿಯನೆಂದು ತಂದೆಗೆ ಭಯ. ಕಿರಿಯವನ ಹೆಸರು ‘ಝ’, ಎಂದರೆ ಗಾಲಿಯ ಜಾಡು. ರಥದ ಕೀರ್ತಿಯಲ್ಲಿ ಜಾಡಿಗೆ ಪಾಲಿಲ್ಲ. ರಥವು ಮುರಿದರೆ ಅದಕ್ಕೆ ಅಪಾಯವೂ ಇಲ್ಲ. ತಂದೆಯ ಭಯವು ನಿಜವಾಯಿತು. ಹಿರಿಯ ಮಗ ಸು ಶಿ (೧೦೩೭–೧೧೦೧) ತನ್ನ ಕವಿತೆಗಳಿಗಾಗಿಯೇ ೧೦೭೯ರಲ್ಲಿ ಸೆರೆಯಾಗಿ, ಅನಂತರ ಹ್ವಾಂಗ್‌ಝೌ ಎಂಬಲ್ಲಿಗೆ ಗಡಿಪಾರಾದನು. ಅಲ್ಲಿ ಇಳಿಜಾರಿನ ಹೊಲವೊಂದನ್ನು ತಾನೇ ಬೇಸಾಯ ಮಾಡಿ, ಆ ಹೊಲದಿಂದಲೇ ‘ದುಂಗ್‌ಪೊ’, ‘ಮೂಡಣ ಇಳಿಜಾರು’, ಎಂಬ ಕಾವ್ಯನಾಮವನ್ನು ಪಡೆದನು. ತಂದೆಯಿಟ್ಟ ಹೆಸರಿಗಿಂತ ಕಷ್ಟಕಾಲದಲ್ಲಿ ತಾನಿಟ್ಟುಕೊಂಡ ಹೆಸರಿನಿಂದಲೇ ಇಂದಿಗೂ ಜನರು ಆತನನ್ನು ಹೆಚ್ಚಾಗಿ ಸ್ಮರಿಸುವರು.

ದೊಡ್ಡ ಮನೆತನಗಳಲ್ಲಿ ಒಂದು ತಲೆಮಾರಿನ ಸಹೋದರರಿಗೆಲ್ಲ ಹೆಸರಿನ ಒಂದಕ್ಷರವು ಸಮಾನವಾಗಿರುವುದು. ಮಾವೊ ತ್ಸೆದುಂಗನ ತಮ್ಮಂದಿರು ತ್ಸೆಮಿನ್ ಮತ್ತು ತ್ಸೆತಾನ್. ‘ತ್ಸೆ’ ಎಂಬುದು ಆ ತಲೆಮಾರಿನ ಗುರುತು. ಇಂತಹ ಅಕ್ಷರಗಳ ಅನುಕ್ರಮವನ್ನು ಪದ್ಯರೂಪದಲ್ಲಿ ಮೊದಲೇ ನಿಶ್ಚಯಿಸಿಡುವರು. ಮಿಂಗ್ ವಂಶದ ಸ್ಥಾಪಕನಾದ ಝು ಯುವಾನ್‌ಝಾಂಗನು (೧೩೨೮–೧೩೯೮) ತನ್ನ ಒಬ್ಬೊಬ್ಬ ಮಗನ ಸಂತತಿಗೂ ಇಪ್ಪತ್ತು ತಲೆಮಾರುಗಳಿಗಾಗುವಷ್ಟು ಅಕ್ಷರಗಳನ್ನು ಗೊತ್ತುಮಾಡಿದನು. ಹೆಸರಿನ ಇನ್ನೊಂದು ಅಕ್ಷರದಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚತತ್ತ್ವಗಳು ಕ್ರಮವಾಗಿ ಬರತಕ್ಕದ್ದೆಂದು ವಿಧಿಸಿದನು. ಮರದಿಂದ ಬೆಂಕಿ ಹುಟ್ಟುವಂತೆ ತಂದೆಯಿಂದ ಮಗನು ಹುಟ್ಟಿ ವಂಶಚಕ್ರವು ಸುತ್ತುತ್ತಿರಲೆಂಬುದು ಆತನ ಬಯಕೆ. ಚಕ್ರವು ಎರಡು ಸಲ ಪೂರ್ಣವಾಗಿ ಸುತ್ತಿ ಮತ್ತೆ ಮರದ ಚಿಹ್ನೆಗೆ ಬಂದಾಗ, ೧೬೪೪ರಲ್ಲಿ, ಕೊನೆಯ ಚಕ್ರವರ್ತಿಯು ಅರಮನೆಯ ಹಿಂದಿನ ಗುಡ್ಡದಲ್ಲಿ ಪ್ರಾಣ ಬಿಟ್ಟನು. ಇಪ್ಪತ್ತು ಅಕ್ಷರಗಳಲ್ಲಿ ಅರ್ಧದಷ್ಟು ಮಾತ್ರವೇ ಆ ಸಿಂಹಾಸನಕ್ಕೆ ಬೇಕಾದುವು.

ಹಿರಿಯರ ಹೆಸರನ್ನು ಉಚ್ಚರಿಸಬಾರದೆಂಬ ಮರ್ಯಾದೆಯು ಅಲ್ಲಿ ಶಾಸನವಾಗಿ ಬೆಳೆಯಿತು. ಆಳುವ ಚಕ್ರವರ್ತಿಯ ಅಂಕಿತನಾಮದ ಅಕ್ಷರವನ್ನು ಯಾರೂ ಬರೆಯಕೂಡದು. ಲಿ ಶಿಮಿನ್ನನ ಹೆಸರಿನಲ್ಲಿ ‘ಪ್ರಜೆ’ ಎಂಬರ್ಥದ ಅಕ್ಷರವಿದ್ದುದರಿಂದ ೬೪೯ರಲ್ಲಿ ಆತನು ಮಡಿದ ಮೇಲೆ ಪ್ರಜೆಗಳ ಇಲಾಖೆಯು ‘ಮನೆಗಳ ಇಲಾಖೆ’ಯಾಯಿತು. ೧೭೨೫ರಲ್ಲಿ ಕನ್ಫ್ಯೂಷಿಯಸನ ಹೆಸರಿನ ಗೌರವಾರ್ಥವಾಗಿ ಚಿಯು ಕುಲನಾಮದವರೆಲ್ಲರೂ ತಮ್ಮ ಅಕ್ಷರಕ್ಕೆ ಒಂದು ಚಿಹ್ನೆಯನ್ನು ಸೇರಿಸಬೇಕಾಯಿತು. ತಾಂಗ್ ಕಾಲದ ಕವಿ ಲಿ ಹೆ (೭೯೦–೮೧೬) ‘ಜಿನ್‌ಶಿ’ ಎಂಬ ಉನ್ನತ ಪರೀಕ್ಷೆಗೆ ಕುಳಿತುಕೊಳ್ಳಲಾರದೆ ಹೋದನು. ಆತನ ತಂದೆಯ ಹೆಸರಾದ ‘ಜಿನ್‌ಸು’ವಿಗೂ ಪರೀಕ್ಷೆಯ ಹೆಸರಿಗೂ ಧ್ವನಿಸಾಮ್ಯವಿದ್ದುದೇ ಅದಕ್ಕೆ ಕಾರಣ. ವಿದ್ವಾಂಸ ಹಾನ್ ಯೂ ಈ ಆಕ್ಷೇಪಣೆಯನ್ನು ಖಂಡಿಸಿ ಪ್ರಬಂಧವನ್ನೇ ಬರೆದನಾದರೂ ಫಲವಾಗಲಿಲ್ಲ. ವಾಂಗ್ ಶಿಹೌ ಎಂಬ ಕೋಶಕಾರನು ಚಕ್ರವರ್ತಿಗಳ ಹೆಸರುಗಳನ್ನು ತಪ್ಪಿಸಿ ಬರೆಯುವ ಬಗೆಯನ್ನು ತಿಳಿಸುವುದಕ್ಕೋಸ್ಕರ ಆ ಅಕ್ಷರಗಳನ್ನು ತನ್ನ ಕೋಶದಲ್ಲಿ ಪೂರ್ಣವಾಗಿ ಮುದ್ರಿಸಿದನು. ಅದೇ ರಾಜದ್ರೋಹವೆನಿಸಿ ೧೭೭೭ರಲ್ಲಿ ಆತನಿಗೆ ಮರಣದಂಡನೆಯಾಯಿತು.

ಅರಸನ ಹೆಸರು ಉಚ್ಚರಿಸಬಾರದಷ್ಟು ದೊಡ್ಡದಾದರೆ, ಹೆಂಗಸಿನ ಹೆಸರು ಉಚ್ಚರಿಸಬೇಕಾಗಿಲ್ಲದಷ್ಟು ಸಣ್ಣದಾಯಿತು. ಮದುವೆಯಾದ ಮೇಲೂ ಚೀನೀ ಸ್ತ್ರೀಯು ತವರಿನ ಕುಲನಾಮವನ್ನು ಕಳೆದುಕೊಳ್ಳುತ್ತಿರಲಿಲ್ಲ. ಆದರೆ ಉಳಿಯುತ್ತಿದ್ದುದು ಅದೊಂದೇ. ಲಿ ಮನೆತನದಿಂದ ವಾಂಗ್ ಮನೆತನಕ್ಕೆ ಬಂದವಳು ‘ವಾಂಗ್ ಲಿ ಶ್ಶಿ’ ಎನಿಸಿಕೊಳ್ಳುವಳು: ವಾಂಗ್ ಮನೆಗೆ ಬಂದ ಲಿ ಮನೆಯವಳು. ಅನೇಕ ತಲೆಮಾರುಗಳ ಗಂಡಸರ ಹೆಸರು, ಪ್ರೌಢನಾಮ, ಜನನಮರಣಗಳ ತಿಥಿಗಳನ್ನು ಸೂಕ್ಷ್ಮವಾಗಿ ಬರೆದಿಟ್ಟ ವಂಶಾವಳಿಗಳಲ್ಲಿ ಅವರ ತಾಯಂದಿರ ಅಂಕಿತನಾಮಗಳು ಸಾಮಾನ್ಯವಾಗಿ ದೊರೆಯುವುದೇ ಇಲ್ಲ. ಹೆಣ್ಣು ಕೂಸಿಗೆ ‘ಝಾವೊದಿ’, ‘ಲಾಯ್‌ದಿ’ ಎಂದು ಹೆಸರಿಡುವ ವಾಡಿಕೆಯೂ ಬಹಳವಾಗಿದ್ದಿತು. ‘ತಮ್ಮನನ್ನು ಕರೆ’, ‘ತಮ್ಮ ಬರಲಿ’ ಎಂದು ಇವುಗಳ ಅರ್ಥ. ಆಕೆಯ ಹೆಸರಿನಲ್ಲಿಯೂ ಇನ್ನೂ ಹುಟ್ಟದ ಗಂಡುಮಗುವಿಗೇ ಸ್ಥಾನ. ಯಾವ ಶಬ್ದವನ್ನು ಬರೆಯುವುದಕ್ಕೆ ಸ್ತ್ರೀಯ ಚಿಹ್ನೆಯು ಅವಶ್ಯವೋ ಆ ಕುಲನಾಮದ ಚರಿತ್ರೆಯಲ್ಲಿ ಸ್ತ್ರೀಗೆ ಹೆಸರಿಲ್ಲವಾದುದು ವಿಚಾರಾರ್ಹವಾದ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ಹಲವು ಕಟ್ಟುಗಳು ಸಡಿಲವಾದುವು. ಪ್ರೌಢನಾಮದ ಪದ್ಧತಿಯು ಬಹುಮಟ್ಟಿಗೆ ಅಳಿಯಿತು. ಹೆಸರುಗಳು ಹೊಸ ಕಾಲದ ಗುರುತುಗಳಾದುವು. ೧೯೪೯ರ ತರುವಾಯ ಹುಟ್ಟಿದ ಅನೇಕರಿಗೆ ‘ಜಿಯೆನ್‌ಗ್ವೊ’, ಎಂದರೆ ‘ದೇಶವನ್ನು ಕಟ್ಟು’, ಎಂಬ ಹೆಸರಾಯಿತು. ೧೯೩೦ರಲ್ಲಿ ಪ್ರಕಟವಾದ ಕಾಯಿದೆಯು ಹೆಂಡತಿಯು ತನ್ನ ಕುಲನಾಮದ ಹಿಂದೆ ಗಂಡನದನ್ನು ಸೇರಿಸಬೇಕೆಂದಿದ್ದರೆ, ೧೯೫೦ರ ವಿವಾಹ ಕಾಯಿದೆಯು ಇಬ್ಬರಿಗೂ ತಮ್ಮ ತಮ್ಮ ಹೆಸರಿನ ಹಕ್ಕನ್ನು ಕೊಟ್ಟಿತು. ೧೯೮೦ರ ಕಾಯಿದೆಯ ಪ್ರಕಾರ ಮಕ್ಕಳು ತಂದೆಯ ಕುಲನಾಮವನ್ನಾದರೂ ತಾಯಿಯದನ್ನಾದರೂ ಧರಿಸಬಹುದು. ೨೦೨೧ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯೂ ಇದನ್ನೇ ಎತ್ತಿಹಿಡಿದಿದೆ. ತಂದೆಯ ಕುಲನಾಮವೇ ಇನ್ನೂ ವಾಡಿಕೆಯಲ್ಲಿ ಬಲವಾಗಿದ್ದರೂ ತಾಯಿಯ ಕುಲನಾಮವನ್ನು ಹೊತ್ತ ಮಕ್ಕಳು ಅಲ್ಲಿ ಈಗ ಅಪರೂಪವಲ್ಲ.

ಚೀನೀಯನ ಹೆಸರಿನ ಮೊದಲನೆಯ ಅಕ್ಷರವನ್ನು ಪೂರ್ವಜರು ಕೊಟ್ಟರು, ಅರಸರು ಹಲವು ಸಲ ತಿದ್ದಿದರು; ಎರಡನೆಯದನ್ನು ತಲೆಮಾರಿನ ಪದ್ಯವು ನಿರ್ಣಯಿಸಿತು; ಮೂರನೆಯದೊಂದೇ ತಾಯಿತಂದೆಗಳ ಆಯ್ಕೆಗೆ ಉಳಿಯಿತು. ಮೊದಲನೆಯ ಅಕ್ಷರವು ಯಾರದಾಗಬೇಕೆಂಬುದನ್ನು ತಂದೆತಾಯಿಗಳಿಬ್ಬರೂ ಕೂಡಿ ಆಲೋಚಿಸುವ ಮನೆಗಳು ಈಗ ಉಂಟಾಗಿವೆ. ಮೂರು ಸಹಸ್ರ ವರ್ಷಗಳ ಈ ಚರಿತ್ರೆಯಲ್ಲಿ ಅದು ಅಲ್ಪವಾದ ಬದಲಾವಣೆಯೆಂದು ಹೇಳಲಾಗದು.